ಕಳೆದುಹೋದ ವಿಕಿರಣ ಸಾಧನಗಳು: ಲೆಕ್ಕ ಇಡುವುದು, ಹುಡುಕುವುದು, ವರದಿ ಮಾಡುವುದು (ಪದೇ ಪದೇ ಕೇಳುವ ಪ್ರಶ್ನೆಗಳು)

ಕಾರ್ಖಾನೆ, ಲ್ಯಾಬ್, ರಸ್ತೆ ಕಾಮಗಾರಿ, ಗಣಿ, ದೊಡ್ಡ ಕಟ್ಟಡ. ಇಲ್ಲೆಲ್ಲ ಸ್ವಲ್ಪ ವಿಕಿರಣ ವಸ್ತು ಇರುವ ಯಂತ್ರಗಳು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಅವುಗಳಲ್ಲಿ ಒಂದು ಕಾಣೆಯಾದರೆ ಏನು ಮಾಡಬೇಕು? ಕಾಣೆಯಾಗದಂತೆ ಹೇಗೆ ನೋಡಿಕೊಳ್ಳಬೇಕು? ದಾರಿಯಲ್ಲಿ ಸಿಕ್ಕರೆ ಯಾರಿಗೆ ಹೇಳಬೇಕು? ಸ್ಟೋರ್ ನೋಡಿಕೊಳ್ಳುವವರು, ಸುರಕ್ಷತಾ ಅಧಿಕಾರಿಗಳು, ಲಾರಿ ಚಾಲಕರು, ಗುಜರಿ ವ್ಯಾಪಾರದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಕಡಿಮೆ ಮಟ್ಟದ ವಿಕಿರಣ ಸಾಧನ ಅಂದರೆ ಯಾವುದು?

ಸ್ವಲ್ಪ ವಿಕಿರಣ ವಸ್ತುವನ್ನು ಚಿಕ್ಕ ಲೋಹದ ಕ್ಯಾಪ್ಸೂಲ್‌ನಲ್ಲಿ ಹಾಕಿ, ಬೆಸುಗೆ ಹಾಕಿ ಮುಚ್ಚಿ, ಅದನ್ನು ಒಂದು ಯಂತ್ರದೊಳಗೆ ಕೂರಿಸಿರುತ್ತಾರೆ. ಆ ಕ್ಯಾಪ್ಸೂಲ್‌ಗೆ ಈ ಕೆಲಸದವರು ಸೋರ್ಸ್ ಅನ್ನುತ್ತಾರೆ. ಟ್ಯಾಂಕಿನಲ್ಲಿ ದ್ರವ ಎಷ್ಟಿದೆ ಎಂದು ಹೊರಗಿನಿಂದಲೇ ಅಳೆಯುವ ಲೆವೆಲ್ ಗೇಜ್‌ನಲ್ಲಿ ಸಾಮಾನ್ಯವಾಗಿ ಸೀಸಿಯಂ-137 ಅಥವಾ ಕೋಬಾಲ್ಟ್-60 ಇರುತ್ತದೆ. ಕಾಗದ, ಪ್ಲಾಸ್ಟಿಕ್ ಹಾಳೆಯ ದಪ್ಪ ಅಳೆಯುವ ಗೇಜ್‌ನಲ್ಲಿ ಕ್ರಿಪ್ಟಾನ್-85 ಅಥವಾ ಸ್ಟ್ರಾನ್ಷಿಯಂ-90. ರಸ್ತೆಯ ಮಣ್ಣು, ಡಾಂಬರು ಗಟ್ಟಿಯಾಗಿದೆಯಾ ಎಂದು ನೋಡುವ ಡೆನ್ಸಿಟಿ ಗೇಜ್‌ನಲ್ಲಿ ಎರಡು ಸೋರ್ಸ್ ಇರುತ್ತವೆ: ಸೀಸಿಯಂ-137 ಮತ್ತು ಅಮೆರಿಸಿಯಂ-ಬೆರಿಲಿಯಂ. ಮಿಶ್ರಣದಲ್ಲಿ ಏನೇನಿದೆ ಎಂದು ನೋಡುವ ಲ್ಯಾಬಿನ ಗ್ಯಾಸ್ ಕ್ರೊಮಾಟೋಗ್ರಾಫ್‌ನಲ್ಲಿ ನಿಕ್ಕಲ್-63 ಇರಬಹುದು. ಕರೆಂಟ್ ಇಲ್ಲದೆ ಹೊಳೆಯುವ ಕೆಲವು ಎಕ್ಸಿಟ್ ಬೋರ್ಡ್‌ಗಳಲ್ಲಿ ಟ್ರೀಟಿಯಂ ಅನಿಲ ತುಂಬಿದ ಗಾಜಿನ ಕೊಳವೆಗಳಿರುತ್ತವೆ.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸೋರ್ಸ್‌ಗಳನ್ನು 1ರಿಂದ 5ರವರೆಗೆ ವರ್ಗ ಮಾಡಿದೆ. 1 ಅತ್ಯಂತ ಅಪಾಯಕಾರಿ, 5 ಅತಿ ಕಡಿಮೆ. ಈ ಪುಟದಲ್ಲಿ ಮಾತಾಡುವ ಸಾಧನಗಳಲ್ಲಿ ಹೆಚ್ಚಿನವು 4 ಮತ್ತು 5ನೇ ವರ್ಗದವು. ಕೆಲವು ದೊಡ್ಡ ಗೇಜ್‌ಗಳು 3ನೇ ವರ್ಗಕ್ಕೆ ಬರುತ್ತವೆ.

ನಮ್ಮಲ್ಲಿ ಅಂಥ ಸಾಧನ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಮೊದಲು ಲೇಬಲ್ ಹುಡುಕಿ. ಹಳದಿ ಹಿನ್ನೆಲೆ, ನಡುವೆ ಚುಕ್ಕೆ, ಸುತ್ತ ಮೂರು ರೆಕ್ಕೆಗಳಿರುವ ವಿಕಿರಣ ಚಿಹ್ನೆ. ಅದರ ಕೆಳಗೆ ವಸ್ತುವಿನ ಹೆಸರು, ಪ್ರಮಾಣ, ಯಾವ ದಿನಾಂಕಕ್ಕೆ ಆ ಪ್ರಮಾಣ, ಮಾದರಿ, ಸೀರಿಯಲ್ ನಂಬರ್ ಇರಬೇಕು. ಆದರೆ ಧೂಳು, ಎಣ್ಣೆ, ಬಣ್ಣ ಬಳಿದ ಪದರಗಳ ಕೆಳಗೆ ಎಷ್ಟೋ ಲೇಬಲ್ ಮುಚ್ಚಿಹೋಗಿರುತ್ತವೆ. ಹಾಗಾಗಿ ಹಳೆಯ ಖರೀದಿ ಕಡತ, ಲೈಸೆನ್ಸ್, ಯಂತ್ರ ತಯಾರಿಸಿದವರ ಪತ್ರ ಎಲ್ಲ ತೆಗೆದು ನೋಡಿ. ತುಂಬ ವರ್ಷದಿಂದ ಕೆಲಸ ಮಾಡುತ್ತಿರುವವರನ್ನು ಕೇಳಿ. "ಆ ಮೂಲೆಯಲ್ಲಿ ಒಂದು ಭಾರದ ಡಬ್ಬ ಇತ್ತಲ್ವಾ" ಎಂಬ ಒಂದು ಮಾತಿನಿಂದ ಎಷ್ಟೋ ವಿಷಯ ಹೊರಬೀಳುತ್ತದೆ.

ಕಡಿಮೆ ಮಟ್ಟದ್ದು ತಾನೇ? ಕಳೆದರೆ ಇಷ್ಟು ಗಾಬರಿ ಯಾಕೆ?

ಗಾಬರಿ ಬೇಡ, ಅವಸರ ಬೇಕು. ಯಂತ್ರದ ಕವಚದೊಳಗೆ, ಶಟರ್ (ಕಿರಣ ಹೊರಬರದಂತೆ ತಡೆಯುವ ಮುಚ್ಚಳ) ಮುಚ್ಚಿಕೊಂಡು ಇರುವಾಗ ಇವು ಸುರಕ್ಷಿತ. ಅಪಾಯ ಶುರುವಾಗುವುದು ಸೋರ್ಸ್ ಕವಚದಿಂದ ಹೊರಗೆ ಬಂದಾಗ.

ಇಲ್ಲಿ ದೂರದ ಲೆಕ್ಕ ಗೊತ್ತಿರಬೇಕು. ದೂರ ಎರಡು ಪಟ್ಟಾದರೆ ಡೋಸ್, ಅಂದರೆ ಮೈಗೆ ತಗಲುವ ವಿಕಿರಣ, ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತಿರ ಬಂದರೆ ಇದೇ ಲೆಕ್ಕ ತಿರುಗಿಬೀಳುತ್ತದೆ. ಒಂದು ಮೀಟರ್‌ನಿಂದ ಒಂದು ಸೆಂಟಿಮೀಟರ್‌ಗೆ ಬಂದರೆ ಡೋಸ್ ಸುಮಾರು 10,000 ಪಟ್ಟು ಜಾಸ್ತಿ. ಕೋಣೆಯ ಆ ಮೂಲೆಯಲ್ಲಿ ಬಿದ್ದಿದ್ದರೆ ಏನೂ ಮಾಡದ ಸೋರ್ಸ್, ಪ್ಯಾಂಟ್ ಜೇಬಿನಲ್ಲಿ ಇಡೀ ದಿನ ಇದ್ದರೆ ಚರ್ಮ ಸುಡಬಹುದು. ನೋಡಲು ಅದು ಹೊಳೆಯುವ ಒಂದು ಪುಟ್ಟ ಲೋಹದ ತುಂಡು. ಬಿಸಿ ಇಲ್ಲ, ವಾಸನೆ ಇಲ್ಲ. ಮಕ್ಕಳು ಎತ್ತಿಕೊಳ್ಳಬಹುದಾದಂಥದ್ದು. ನನಗೆ ಚಿಂತೆ ಇರುವುದೂ ಇಲ್ಲೇ: ಸಿಕ್ಕವರಿಗೆ ಅದು ಏನೆಂದು ಗೊತ್ತಿರುವುದಿಲ್ಲ.

ಇನ್ನೊಂದು, ಇವುಗಳ ವಿಕಿರಣ ಬೇಗ ಕಡಿಮೆಯಾಗುವುದಿಲ್ಲ. ಕೋಬಾಲ್ಟ್-60ರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 5.27 ವರ್ಷ. ಸೀಸಿಯಂ-137ರದ್ದು ಸುಮಾರು 30 ವರ್ಷ. ಅಮೆರಿಸಿಯಂ-241ರದ್ದು 432 ವರ್ಷ. "ಹಳೇದು ಬಿಡಿ, ಈಗ ಅದರಲ್ಲಿ ಏನೂ ಉಳಿದಿರಲ್ಲ" ಎಂಬ ಮಾತನ್ನು ಲೆಕ್ಕ ಹಾಕದೆ ನಂಬಬೇಡಿ.

ಬೀಗ ಹಾಕಿ ಇಟ್ಟ ವಸ್ತು ಕಳೆಯುವುದಾದರೂ ಹೇಗೆ?

ಕಳ್ಳತನ ಆಗುತ್ತದೆ, ನಿಜ. ಡೆನ್ಸಿಟಿ ಗೇಜ್‌ಗಳು ಕೆಲಸದ ಜಾಗಕ್ಕೆ ಹೋಗುವ ವಾಹನದಿಂದಲೇ ಕಳುವಾಗುತ್ತವೆ. ಗಟ್ಟಿಮುಟ್ಟಾದ ಪೆಟ್ಟಿಗೆ ನೋಡಿ ಒಳಗೆ ಬೆಲೆಬಾಳುವ ಉಪಕರಣ ಇದೆ ಎಂದು ಕಳ್ಳ ಎತ್ತಿಕೊಂಡು ಹೋಗುತ್ತಾನೆ. ಅದಕ್ಕೇ ಅಮೆರಿಕದಲ್ಲಿ ಇಂಥ ಗೇಜ್‌ಗೆ ಕಾವಲು ಇಲ್ಲದ ಹೊತ್ತಿನಲ್ಲಿ ಎರಡು ಬೇರೆ ಬೇರೆ ತಡೆ ಇರಲೇಬೇಕು ಎಂಬ ನಿಯಮ ಬಂತು. ಪೆಟ್ಟಿಗೆಗೆ ಬೀಗ, ಪೆಟ್ಟಿಗೆಯನ್ನು ವಾಹನಕ್ಕೆ ಬಿಗಿದ ಸರಪಳಿಗೆ ಇನ್ನೊಂದು ಬೀಗ.

ಆದರೆ ಕಳ್ಳನಿಲ್ಲದೆ ಕಳೆಯುವುದೂ ಇದೆ, ಅದೇ ನನಗೆ ಹೆಚ್ಚು ಆತಂಕ ತರುವುದು. ಅದು ಹೀಗೆ ನಡೆಯುತ್ತದೆ. ಗೇಜ್ ತಂದವರು ನಿವೃತ್ತಿಯಾಗುತ್ತಾರೆ. ಅವರ ಜಾಗಕ್ಕೆ ಬಂದವರಿಗೆ ರಿಜಿಸ್ಟರ್ ಸಿಗುತ್ತದೆ, ವಿಷಯ ಸಿಗುವುದಿಲ್ಲ. ಉತ್ಪಾದನೆಯ ಲೈನ್ ಬದಲಾಗುತ್ತದೆ. ಗೇಜ್ ಕಳಚಿ ಪಕ್ಕಕ್ಕೆ ಇಡುತ್ತಾರೆ. ಒಂದು ದಿನ ಷೆಡ್ ಖಾಲಿ ಮಾಡಲು ಗುತ್ತಿಗೆದಾರ ಬರುತ್ತಾನೆ. ಕಬ್ಬಿಣ, ಸೀಸ ಇರುವ ಭಾರದ ಡಬ್ಬ. ತೂಕಕ್ಕೆ ಒಳ್ಳೆಯ ದುಡ್ಡು. ಲಾರಿ ಹತ್ತಿತು. ಇಷ್ಟರಲ್ಲಿ ಯಾರೂ ಕಾನೂನು ಮುರಿಯಬೇಕೆಂದುಕೊಂಡಿರಲಿಲ್ಲ.

ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ನಡೆದದ್ದು ಇದೇ ದಾರಿಯಲ್ಲಿ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಕೋಬಾಲ್ಟ್-60 ಯಂತ್ರವನ್ನು ಫೆಬ್ರವರಿಯಲ್ಲಿ ಹರಾಜಿನಲ್ಲಿ ಗುಜರಿಗೆ ಮಾರಿದರು. ಗುಜರಿಯಲ್ಲಿ ಅದನ್ನು ಬಿಚ್ಚಿದರು. ಏಪ್ರಿಲ್ ಹೊತ್ತಿಗೆ ಹಲವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಆ ಯಂತ್ರ ಕಡಿಮೆ ಮಟ್ಟದ್ದಲ್ಲ, ಬಹಳ ಪ್ರಬಲವಾದದ್ದು. ಆದರೆ ಅದು ಕೈತಪ್ಪಿದ ರೀತಿ ಒಂದು ಚಿಕ್ಕ ಗೇಜ್ ಕೈತಪ್ಪುವ ರೀತಿಯೇ.

ಚಿಕ್ಕದರ ಉದಾಹರಣೆಯೂ ಇದೆ. ಅಮೆರಿಕದ ಒಂದು ದೊಡ್ಡ ಅಂಗಡಿ ಸರಣಿ 2008ರ ಹೊತ್ತಿಗೆ ತನ್ನ ಟ್ರೀಟಿಯಂ ಎಕ್ಸಿಟ್ ಬೋರ್ಡ್‌ಗಳನ್ನು ಎಣಿಸಲು ಕೂತಾಗ 15,000ಕ್ಕೂ ಹೆಚ್ಚು ಬೋರ್ಡ್‌ಗಳ ಲೆಕ್ಕವೇ ಸಿಗಲಿಲ್ಲ. ಗೋಡೆಗೆ ನೇತುಹಾಕಿದ ಬೋರ್ಡ್‌ಗೂ ಲೆಕ್ಕ ಇಡಬೇಕು ಎಂದು ಎಷ್ಟು ಜನಕ್ಕೆ ಹೊಳೆಯುತ್ತದೆ ಹೇಳಿ?

ರಿಜಿಸ್ಟರ್‌ನಲ್ಲಿ ಏನೇನು ಬರೆಯಬೇಕು?

ಸಾಧನದ ಮಾದರಿ, ಸಾಧನದ ಸೀರಿಯಲ್ ನಂಬರ್, ಒಳಗಿನ ಸೋರ್ಸ್‌ನ ಸೀರಿಯಲ್ ನಂಬರ್. ಕೊನೆಯ ಎರಡೂ ಬೇರೆ ಬೇರೆ, ಎರಡೂ ಬೇಕು. ಸೋರ್ಸ್ ಬದಲಿಸಿದಾಗ ಹೊರಗಿನ ನಂಬರ್ ಹಾಗೇ ಇರುತ್ತದೆ, ಒಳಗಿನದು ಬದಲಾಗುತ್ತದೆ. ವಸ್ತು ಯಾವುದು, ಎಷ್ಟು, ಯಾವ ದಿನಾಂಕಕ್ಕೆ ಅಷ್ಟು. ಎಲ್ಲಿದೆ. ಯಾರ ಹೊಣೆ. ಕೊನೆಯ ಲೀಕ್ ಟೆಸ್ಟ್ (ಕ್ಯಾಪ್ಸೂಲ್‌ನಿಂದ ವಿಕಿರಣ ವಸ್ತು ಸೋರುತ್ತಿದೆಯಾ ಎಂದು ನೋಡುವ ಪರೀಕ್ಷೆ) ಯಾವಾಗ. ಹೊರಗೆ ಹೋಗಿದ್ದರೆ ಯಾರು ಒಯ್ದರು, ಯಾವಾಗ ತಂದರು.

ಎಲ್ಲಿದೆ ಎಂಬ ಕಡೆ "ಪ್ಲಾಂಟ್ ಒಳಗೆ" ಎಂದು ಬರೆದರೆ ಸಾಲದು. "ಎರಡನೇ ಮಹಡಿ, ಮೂರನೇ ಹಾಪರ್, ಪೂರ್ವದ ಗೋಡೆ ಕಡೆ" ಎಂದು ಬರೆಯಿರಿ. ಹೊಸಬರೊಬ್ಬರು ಪುಸ್ತಕ ಹಿಡಿದು ಹೋದರೆ ನೇರ ಆ ಗೇಜ್ ಮುಂದೆ ಹೋಗಿ ನಿಲ್ಲಬೇಕು. ಫೋಟೊ ಕೂಡ ಅಂಟಿಸಿ: ಒಂದು ಸಾಧನದ್ದು, ಒಂದು ಲೇಬಲ್‌ನದ್ದು, ಒಂದು ಅದು ಕೂತಿರುವ ಜಾಗದ್ದು. ಮುಂದೆ ಯಾವಾಗಲಾದರೂ ಹುಡುಕಬೇಕಾಗಿ ಬಂದರೆ ಈ ಫೋಟೊದಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಎಷ್ಟು ದಿನಕ್ಕೊಮ್ಮೆ ಎಣಿಸಬೇಕು?

ನಿಮ್ಮ ಲೈಸೆನ್ಸ್‌ನಲ್ಲಿ ಬರೆದಿರುತ್ತದೆ. ಅದು ಕನಿಷ್ಠ ಮಿತಿ. ದಿನಾ ಹೊರಗೆ ಹೋಗಿ ಬರುವ ಗೇಜ್ ಆದರೆ ದಿನಾ ಸಂಜೆ ನೋಡಿ. ಗೋಡೆಗೆ ಬೋಲ್ಟ್ ಹಾಕಿದ್ದಾದರೆ ಆರು ತಿಂಗಳಿಗೊಮ್ಮೆ ಆದರೂ ಆಗಬೇಕು. ಮುಖ್ಯ ವಿಷಯ, ಎಣಿಸುವುದು ಎಂದರೆ ಸೀರಿಯಲ್ ನಂಬರ್ ಕಣ್ಣಾರೆ ಓದುವುದು. ಹಿಂದಿನ ಸಲದ ಪಟ್ಟಿಗೆ ಸುಮ್ನೆ ಟಿಕ್ ಹಾಕಿದರೆ ಅದು ಎಣಿಕೆ ಆಗುವುದಿಲ್ಲ. ಡೆನ್ಸಿಟಿ ಗೇಜ್‌ನ ಪೆಟ್ಟಿಗೆ ಇದೆ ಎಂದು ಬರೆಯಬೇಡಿ. ಮುಚ್ಚಳ ತೆಗೆಯಿರಿ, ಗೇಜ್ ಒಳಗಿದೆಯಾ ನೋಡಿ, ರಾಡ್ ಮೇಲಿನ ಸುರಕ್ಷಿತ ಸ್ಥಾನದಲ್ಲಿ ಬೀಗ ಬಿದ್ದು ಕೂತಿದೆಯಾ ನೋಡಿ, ವಿಕಿರಣ ಅಳೆಯುವ ಸರ್ವೆ ಮೀಟರ್ ಹತ್ತಿರ ಹಿಡಿಯಿರಿ. ಸೀಸಿಯಂ ಇರುವುದು ಆ ರಾಡ್‌ನ ತುದಿಯಲ್ಲಿ. ಮೀಟರ್ ಪ್ರತಿ ಸಲ ತೋರಿಸುವಷ್ಟೇ ತೋರಿಸಿದರೆ ಸೋರ್ಸ್ ಇದೆ. ಏನೂ ತೋರಿಸದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ.

ಜಿಪಿಎಸ್ ಹಾಕಿಬಿಟ್ಟರೆ ಆಯ್ತಲ್ವಾ?

ವಾಹನಕ್ಕೆ, ಪೆಟ್ಟಿಗೆಗೆ ಹಾಕಬಹುದು, ಹಾಕಿದರೆ ಒಳ್ಳೆಯದೇ. ಆದರೆ ಜಿಪಿಎಸ್ ಪೆಟ್ಟಿಗೆ ಎಲ್ಲಿದೆ ಎಂದು ಹೇಳುತ್ತದೆ, ಸೋರ್ಸ್ ಎಲ್ಲಿದೆ ಎಂದು ಹೇಳುವುದಿಲ್ಲ. ಬ್ಯಾಟರಿ ಖಾಲಿಯಾಗುತ್ತದೆ, ಕಬ್ಬಿಣದ ಷೆಡ್‌ನಲ್ಲಿ ಸಿಗ್ನಲ್ ಹೋಗುತ್ತದೆ. ಎಣಿಕೆಯ ಜೊತೆಗೆ ಇರಲಿ, ಎಣಿಕೆಯ ಬದಲಿಗೆ ಬೇಡ.

ಸಾಧನ ಕಾಣಿಸುತ್ತಿಲ್ಲ. ಮೊದಲು ಹುಡುಕಬೇಕೋ, ಮೊದಲು ಹೇಳಬೇಕೋ?

ಎರಡೂ ಒಟ್ಟಿಗೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. "ಇಲ್ಲೇ ಎಲ್ಲೋ ಇರುತ್ತೆ, ನಾಳೆ ನೋಡೋಣ" ಎಂದು ಮೊದಲ ದಿನ ಹೋಗುತ್ತದೆ. "ಶಿಫ್ಟ್‌ನವರು ಎಲ್ಲಿಗೋ ಒಯ್ದಿರಬೇಕು" ಎಂದು ಎರಡನೇ ದಿನ. ವಾರ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ. ಆ ಭಯದಲ್ಲಿ ಇನ್ನೊಂದು ವಾರ. ಅಷ್ಟರಲ್ಲಿ ಗುಜರಿ ಲಾರಿ ಎಲ್ಲಿಗೆ ಹೋಯಿತೋ ಯಾರಿಗೂ ನೆನಪಿರುವುದಿಲ್ಲ.

ಹೀಗೆ ಮಾಡಿ. ಕಾಣಿಸುತ್ತಿಲ್ಲ ಎಂದು ಗೊತ್ತಾದ ಹೊತ್ತನ್ನು ಬರೆದಿಡಿ. ವಿಕಿರಣ ಸುರಕ್ಷತಾ ಅಧಿಕಾರಿಗೆ ಆ ಕ್ಷಣವೇ ಹೇಳಿ. ಕಸ, ಗುಜರಿ, ಹಳೆ ಸಾಮಾನು ಏನೂ ಗೇಟಿನಿಂದ ಹೊರಗೆ ಹೋಗದಂತೆ ನಿಲ್ಲಿಸಿ. ಈ ಒಂದು ಹೆಜ್ಜೆಯನ್ನು ತುಂಬ ಜನ ಮರೆಯುತ್ತಾರೆ. ಕೊನೆಯ ಸಲ ನೋಡಿದವರು ಯಾರು, ಎಲ್ಲಿ, ಯಾವಾಗ ಎಂದು ಕೇಳಿ. ಗೇಟ್ ಪಾಸ್, ಕ್ಯಾಮೆರಾ ದಾಖಲೆ ಅಳಿಸಿಹೋಗುವ ಮುಂಚೆ ತೆಗೆದಿಡಿ. ಹುಡುಕಾಟಕ್ಕೆ ಒಂದು ಗಡುವು ಹಾಕಿಕೊಳ್ಳಿ: ದಿನಗಳಲ್ಲಿ ಬೇಡ, ಗಂಟೆಗಳಲ್ಲಿ. ಆ ಗಡುವಿನೊಳಗೆ ಸಿಗಲಿಲ್ಲ ಎಂದರೆ, ಅಥವಾ ಕಳುವಾಗಿದೆ ಎಂಬ ಸಣ್ಣ ಅನುಮಾನ ಇದ್ದರೂ, ನಿಯಂತ್ರಣ ಸಂಸ್ಥೆಗೆ ಫೋನ್ ಮಾಡಿ.

ಯಾರಿಗೆ ವರದಿ ಮಾಡಬೇಕು? ಎಷ್ಟು ಹೊತ್ತಿನೊಳಗೆ?

ನಿಮಗೆ ಲೈಸೆನ್ಸ್ ಅಥವಾ ನೋಂದಣಿ ಕೊಟ್ಟ ದೇಶದ ವಿಕಿರಣ ನಿಯಂತ್ರಣ ಸಂಸ್ಥೆಗೆ. ಕಳುವಾಗಿದ್ದರೆ ಪೊಲೀಸರಿಗೂ. ಸಾಗಣೆಯಲ್ಲಿ ಕಳೆದಿದ್ದರೆ ಕಳಿಸಿದವರಿಗೆ ಮತ್ತು ಸಾಗಿಸಿದವರಿಗೆ ಕೂಡ. ಗಡುವು ದೇಶದಿಂದ ದೇಶಕ್ಕೆ ಬೇರೆ. ಒಂದು ಅಂದಾಜಿಗೆ ಅಮೆರಿಕದ ನಿಯಮ ನೋಡಿ: ಪ್ರಮಾಣ ದೊಡ್ಡದಾಗಿದ್ದರೆ ಗೊತ್ತಾದ ಕೂಡಲೇ ಫೋನ್, ಆಮೇಲೆ 30 ದಿನದೊಳಗೆ ಬರಹದ ವರದಿ. ಪ್ರಮಾಣ ಸಣ್ಣದಾಗಿದ್ದು ಇನ್ನೂ ಸಿಕ್ಕಿಲ್ಲದಿದ್ದರೆ ಫೋನ್ ವರದಿಗೇ 30 ದಿನ ಇದೆ. ಅಷ್ಟು ದಿನ ಇದೆ ಎಂದು ಕಾಯುವುದು ನನಗೆ ಸರಿ ಕಾಣುವುದಿಲ್ಲ. ಫೋನ್ ಮಾಡಿದ ಮೇಲೆ ಸಾಧನ ಸಿಕ್ಕರೆ ಇನ್ನೊಂದು ಫೋನ್ ಮಾಡಿದರಾಯಿತು.

ದೇಶಗಳು ಇಂಥ ಘಟನೆಗಳನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗೂ ತಿಳಿಸುತ್ತವೆ. ಅದಕ್ಕೆಂದೇ ಆ ಸಂಸ್ಥೆ 1995ರಿಂದ ಒಂದು ದತ್ತಾಂಶ ಕೋಶ ನಡೆಸುತ್ತಿದೆ. ಕಳೆದದ್ದು, ಕಳುವಾದದ್ದು, ಯಾರದ್ದೆಂದು ಗೊತ್ತಿಲ್ಲದೆ ಸಿಕ್ಕಿದ್ದು, ಎಲ್ಲ ಸೇರಿ ಅದರಲ್ಲಿ 4,000ಕ್ಕೂ ಹೆಚ್ಚು ಘಟನೆಗಳಿವೆ.

ಫೋನಿನಲ್ಲಿ ಏನು ಹೇಳಬೇಕು?

ನಿಮ್ಮ ಹೆಸರು, ಸಂಸ್ಥೆ, ಲೈಸೆನ್ಸ್ ಸಂಖ್ಯೆ, ವಾಪಸ್ ಕರೆ ಮಾಡಬೇಕಾದ ನಂಬರ್. ಯಾವ ಸಾಧನ, ಒಳಗೆ ಯಾವ ವಸ್ತು, ಎಷ್ಟು. ಸೀರಿಯಲ್ ನಂಬರ್. ಕೊನೆಯ ಸಲ ಎಲ್ಲಿ ಕಂಡಿತ್ತು. ಶಟರ್ ಮುಚ್ಚಿತ್ತಾ, ಬೀಗ ಇತ್ತಾ. ಯಾರಾದರೂ ಹತ್ತಿರ ಹೋಗಿರಬಹುದಾ. ಈವರೆಗೆ ಏನು ಮಾಡಿದ್ದೀರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಎಲ್ಲ ವಿವರ ಕೈಗೆ ಬರಲಿ ಎಂದು ಫೋನ್ ತಡ ಮಾಡಬೇಡಿ.

ವರದಿ ಮಾಡಿದರೆ ಕೆಲಸ ಹೋಗುತ್ತಾ? ದಂಡ ಬೀಳುತ್ತಾ?

ನಿರ್ಲಕ್ಷ್ಯ ಇದ್ದರೆ ಸಂಸ್ಥೆಯ ಮೇಲೆ ಕ್ರಮ ಆಗಬಹುದು. ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಕಳೆದದ್ದನ್ನು ತಾನೇ ಹೇಳಿಕೊಂಡವರನ್ನು ನೋಡುವ ರೀತಿ ಬೇರೆ, ಬಚ್ಚಿಟ್ಟು ಸಿಕ್ಕಿಬಿದ್ದವರನ್ನು ನೋಡುವ ರೀತಿ ಬೇರೆ. ಮೇಲಧಿಕಾರಿಗಳಿಗೆ ಒಂದು ಮಾತು: ಕಾಣಿಸುತ್ತಿಲ್ಲ ಎಂದು ಬಂದು ಹೇಳಿದ ಹುಡುಗನನ್ನು ಅಲ್ಲೇ ಬೈದರೆ, ಮುಂದಿನ ಸಲ ನಿಮಗೆ ಯಾರೂ ಬಂದು ಹೇಳುವುದಿಲ್ಲ.

ಸಾಗಣೆಯಲ್ಲಿ ಬಿದ್ದುಹೋದರೆ ಹುಡುಕಲು ಆಗುತ್ತಾ?

ಆಗುತ್ತದೆ. ಇದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ 2023ರ ಘಟನೆಗಿಂತ ಒಳ್ಳೆಯ ಪಾಠ ಇಲ್ಲ. ಕಬ್ಬಿಣದ ಅದಿರಿನ ಗಣಿಯೊಂದರ ಗೇಜ್ ಅನ್ನು ಜನವರಿಯಲ್ಲಿ ರಿಪೇರಿಗೆಂದು ಲಾರಿಯಲ್ಲಿ ಪರ್ತ್‌ಗೆ ಕಳಿಸಿದರು. ಸುಮಾರು 1,400 ಕಿ.ಮೀ. ದಾರಿ. ದಾರಿಯ ಕುಲುಕಾಟಕ್ಕೆ ಗೇಜ್ ಬಿಚ್ಚಿಕೊಂಡಿತು. ಒಂದು ಬೋಲ್ಟ್ ಕಳಚಿತ್ತು. ಆ ಬೋಲ್ಟ್‌ನ ತೂತಿನಿಂದಲೇ ಸೀಸಿಯಂ-137 ಕ್ಯಾಪ್ಸೂಲ್ ಹೊರಗೆ ಉದುರಿತು. ಅದರ ಅಗಲ 6 ಮಿ.ಮೀ., ಎತ್ತರ 8 ಮಿ.ಮೀ. ಹೆಚ್ಚುಕಡಿಮೆ ಒಂದು ಕಡಲೆಕಾಳಿನಷ್ಟು. ಅದರಿಂದ ಒಂದು ಮೀಟರ್ ದೂರದಲ್ಲಿ ಒಂದು ಗಂಟೆ ನಿಂತರೆ ಸುಮಾರು ಹತ್ತು ಎಕ್ಸ್-ರೇ ತೆಗೆಸಿದಷ್ಟು ಡೋಸ್ ಎಂದು ಅಧಿಕಾರಿಗಳು ಜನರಿಗೆ ಎಚ್ಚರಿಕೆ ಕೊಟ್ಟರು.

ಪೆಟ್ಟಿಗೆ ಪರ್ತ್ ತಲುಪಿದ್ದು ಜನವರಿ 16ಕ್ಕೆ. ತೆರೆದು ನೋಡಿದ್ದು 25ಕ್ಕೆ. ನಡುವಿನ ಆ ದಿನಗಳಷ್ಟೂ ಕ್ಯಾಪ್ಸೂಲ್ ಹೆದ್ದಾರಿ ಪಕ್ಕ ಬಿದ್ದಿತ್ತು, ಹುಡುಕುವವರು ಯಾರೂ ಇರಲಿಲ್ಲ, ಯಾಕೆಂದರೆ ಕಳೆದದ್ದೇ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ವಿಕಿರಣ ಪತ್ತೆ ಉಪಕರಣ ಕಟ್ಟಿದ ವಾಹನಗಳು ರಸ್ತೆಗೆ ಇಳಿದವು. ಫೆಬ್ರವರಿ 1ರಂದು, ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದ ವಾಹನದ ಉಪಕರಣ ಅದನ್ನು ಹಿಡಿಯಿತು. ರಸ್ತೆಯ ಅಂಚಿನಿಂದ ಸುಮಾರು 2 ಮೀಟರ್ ಆಚೆ ಬಿದ್ದಿತ್ತು.

ಇದರಿಂದ ನಾನು ತೆಗೆದುಕೊಳ್ಳುವ ಕೆಲಸದ ಮಾತು ಎರಡು. ಕಳಿಸುವಾಗ ಪೆಟ್ಟಿಗೆಯ ಹೊರಗೆ ಮೀಟರ್ ಹಿಡಿದು ಅಂಕಿ ಬರೆದು ಕಳಿಸಿ. ಬಂದ ದಿನವೇ ಮತ್ತೆ ಮೀಟರ್ ಹಿಡಿದು ಅಂಕಿ ಹೊಂದುತ್ತದೆಯಾ ನೋಡಿ. ಪೆಟ್ಟಿಗೆ ಬಂತು ಎಂದು ಸಹಿ ಹಾಕುವುದು ಬೇರೆ, ಸೋರ್ಸ್ ಬಂತು ಎಂದು ಸಹಿ ಹಾಕುವುದು ಬೇರೆ.

ದಾರಿಯಲ್ಲೋ ಗುಜರಿಯಲ್ಲೋ ಅನುಮಾನದ ವಸ್ತು ಕಂಡರೆ?

ಮುಟ್ಟಬೇಡಿ, ಒದೆಯಬೇಡಿ, ಬಿಚ್ಚಬೇಡಿ. ದೂರ ಸರಿಯಿರಿ. ಎಷ್ಟು ದೂರ ಎಂದು ಅಳೆಯುತ್ತ ಕೂರಬೇಡಿ, ಹತ್ತಾರು ಮೀಟರ್ ಆಚೆ ಹೋಗಿ. ಬೇರೆಯವರು, ಮುಖ್ಯವಾಗಿ ಮಕ್ಕಳು, ಹತ್ತಿರ ಹೋಗದಂತೆ ನೋಡಿಕೊಳ್ಳಿ. ದೂರದಿಂದಲೇ ಫೋಟೊ ಸಿಕ್ಕರೆ ತೆಗೆಯಿರಿ. ಪೊಲೀಸ್ ಅಥವಾ ತುರ್ತು ಸೇವೆಗೆ ಫೋನ್ ಮಾಡಿ, "ವಿಕಿರಣ ಚಿಹ್ನೆ ಇದೆ" ಎಂಬ ಮಾತನ್ನು ಮೊದಲು ಹೇಳಿ. ಅಧಿಕಾರಿಗಳಿಗೆ ತೋರಿಸಲೆಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ, ಅವರೇ ಅಲ್ಲಿಗೆ ಬರುತ್ತಾರೆ.

ಕೆಂಪು ತ್ರಿಕೋನದೊಳಗೆ ವಿಕಿರಣ ಚಿಹ್ನೆ, ತಲೆಬುರುಡೆ, ಓಡುತ್ತಿರುವ ಮನುಷ್ಯ ಕಂಡರೆ ಒಂದು ಕ್ಷಣವೂ ನಿಲ್ಲಬೇಡಿ. 2007ರಲ್ಲಿ ಬಂದ ಈ ಗುರುತನ್ನು ಪ್ರಬಲ ಸೋರ್ಸ್‌ಗಳ ಕವಚದ ಮೇಲೆ, ಬಿಚ್ಚಲು ಹೊರಟವರಿಗೆ ಕಾಣುವಂತೆ ಹಾಕುತ್ತಾರೆ.

ಗೊತ್ತಿಲ್ಲದೆ ಮುಟ್ಟಿಬಿಟ್ಟಿದ್ದೇನೆ. ನನ್ನಿಂದ ಮನೆಯವರಿಗೆ ಹರಡುತ್ತಾ?

ಕ್ಯಾಪ್ಸೂಲ್ ಒಡೆದಿಲ್ಲದಿದ್ದರೆ ಹರಡುವುದಿಲ್ಲ. ಎಕ್ಸ್-ರೇ ತೆಗೆಸಿಕೊಂಡವರಿಂದ ಎಕ್ಸ್-ರೇ ಹರಡದ ಹಾಗೆ. ಒಡೆದಿದ್ದರೆ, ಅಥವಾ ಪುಡಿ ಕಂಡಿದ್ದರೆ, ವಿಷಯ ಬೇರೆ. ಹೊರಗಿನ ಬಟ್ಟೆ ನಿಧಾನವಾಗಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೂರ ಇಡಿ. ಸೋಪು, ನೀರಿನಿಂದ ತೊಳೆಯಿರಿ, ಚರ್ಮ ಕೆರೆಯುವಂತೆ ಉಜ್ಜಬೇಡಿ. ಅಲ್ಲಿಯವರೆಗೆ ತಿನ್ನಬೇಡಿ, ಸೇದಬೇಡಿ. ವೈದ್ಯರಿಗೆ ವಿಕಿರಣದ ಅನುಮಾನ ಎಂದು ಸ್ಪಷ್ಟವಾಗಿ ಹೇಳಿ. ಚರ್ಮದ ಸುಟ್ಟಗಾಯ ಕಾಣಲು ದಿನಗಳೇ, ವಾರಗಳೇ ಆಗಬಹುದು. ಅಷ್ಟರಲ್ಲಿ ಮುಟ್ಟಿದ್ದೇ ಮರೆತಿರುತ್ತದೆ.

ಬ್ರೆಜಿಲ್‌ನ ಗೋಯಾನಿಯಾದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದಿಂದ ಕದ್ದ ಸೀಸಿಯಂ ಸೋರ್ಸ್ ಗುಜರಿ ಸೇರಿತು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಜನ ಅದನ್ನು ಹಂಚಿಕೊಂಡರು. ನಾಲ್ವರು ತೀರಿಕೊಂಡರು, 249 ಜನರ ಮೈಮೇಲೆ ಅಥವಾ ಮೈಯೊಳಗೆ ಸೀಸಿಯಂ ಪತ್ತೆಯಾಯಿತು. ಕಾಯಿಲೆಗೂ ಆ ಹೊಳೆಯುವ ಪುಡಿಗೂ ಸಂಬಂಧ ಇದೆ ಎಂದು ಮೊದಲು ಅನುಮಾನಪಟ್ಟವರು ಗುಜರಿಯವನ ಹೆಂಡತಿ. ಯಾವ ತಜ್ಞರಿಗೂ ಮುಂಚೆ ಅವರು ಎಚ್ಚರಿಸಿದರು. ಸತ್ತ ನಾಲ್ವರಲ್ಲಿ ಅವರೂ ಒಬ್ಬರು. ಅನುಮಾನ ಬಂದರೆ ಹೇಳಲು ಓದು ಬೇಕಿಲ್ಲ, ಪದವಿ ಬೇಕಿಲ್ಲ.

ಗುಜರಿಯಲ್ಲಿ ಸೇರಿ ಕರಗಿಹೋದರೆ ಏನಾಗುತ್ತದೆ?

ಕರಗಿದರೆ ವಿಕಿರಣ ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ಕೋಬಾಲ್ಟ್ ಉಕ್ಕಿನಲ್ಲೇ ಬೆರೆಯುತ್ತದೆ. ಸೀಸಿಯಂ ಆವಿಯಾಗಿ ಕುಲುಮೆಯ ಧೂಳಿಗೆ ಹೋಗುತ್ತದೆ. ಅಮೆರಿಸಿಯಂ ಕಿಟ್ಟದಲ್ಲಿ ಉಳಿಯುತ್ತದೆ. ಥಾಯ್ಲೆಂಡಿನ ಪ್ರಾಚಿನ್‌ಬುರಿಯಲ್ಲಿ 2023ರ ಮಾರ್ಚ್‌ನಲ್ಲಿ ವಿದ್ಯುತ್ ಸ್ಥಾವರದ ಸೀಸಿಯಂ ಸಿಲಿಂಡರ್ ಕಾಣೆಯಾಗಿದೆ ಎಂದು ವರದಿಯಾಯಿತು. ಆಮೇಲೆ ಲೋಹ ಕರಗಿಸುವ ಕಾರ್ಖಾನೆಯ ಧೂಳಿನಲ್ಲಿ ಸೀಸಿಯಂ ಸಿಕ್ಕಿತು.

ಮೆಕ್ಸಿಕೋದ ಹುಆರೆಸ್‌ನಲ್ಲಿ 1983ರ ಕೊನೆಯಲ್ಲಿ ಕೋಬಾಲ್ಟ್ ಚಿಕಿತ್ಸಾ ಯಂತ್ರವೊಂದು ಗುಜರಿಗೆ ಹೋಯಿತು. ಅದರ ಸಣ್ಣ ಗುಂಡುಗಳು ಕರಗಿ ಕಟ್ಟಡದ ಕಂಬಿಗಳಾದವು. ಗೊತ್ತಾದದ್ದು 1984ರ ಜನವರಿಯಲ್ಲಿ, ಆ ಕಂಬಿ ಹೊತ್ತ ಲಾರಿ ದಾರಿ ತಪ್ಪಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಹತ್ತಿರ ಹೋದಾಗ. ಅಲ್ಲಿನ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡಿತು. ಲಾರಿ ಸರಿಯಾದ ದಾರಿಯಲ್ಲೇ ಹೋಗಿದ್ದರೆ? ಆದ್ದರಿಂದ ಗುಜರಿ ಕೊಳ್ಳುವವರು ಗೇಟಿನಲ್ಲೇ ಡಿಟೆಕ್ಟರ್ ಹಾಕುವುದು ಖರ್ಚಾದರೂ ಹಾಕಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯ ಸ್ಮೋಕ್ ಡಿಟೆಕ್ಟರ್ ಕಳೆದರೂ ವರದಿ ಮಾಡಬೇಕಾ?

ಬೇಡ. ಕೆಲವು ಡಿಟೆಕ್ಟರ್‌ಗಳಲ್ಲಿ ಅಮೆರಿಸಿಯಂ ಇರುತ್ತದೆ, ಆದರೆ ತೀರಾ ಕಡಿಮೆ. ಒಡೆದು ಒಳಗಿನದನ್ನು ಕೀಳಬೇಡಿ, ಅಷ್ಟೇ.

ಟ್ರೀಟಿಯಂ ಎಕ್ಸಿಟ್ ಬೋರ್ಡ್ ಬಿದ್ದು ಒಡೆದಿದೆ. ಏನು ಮಾಡಲಿ?

ಎಲ್ಲರನ್ನೂ ಹೊರಗೆ ಕಳಿಸಿ, ಗಾಳಿ ಆಡಲು ಬಿಡಿ, ಚೂರುಗಳನ್ನು ಗುಡಿಸಬೇಡಿ. ಟ್ರೀಟಿಯಂನ ಕಿರಣ ಚರ್ಮ ದಾಟುವುದಿಲ್ಲ. ಉಸಿರಲ್ಲಿ, ಬಾಯಲ್ಲಿ ಹೋಗಬಾರದು. ನಂತರ ಸುರಕ್ಷತಾ ಅಧಿಕಾರಿಗೆ ತಿಳಿಸಿ. ಒಡೆದ ಬೋರ್ಡ್ ಕೂಡ ಲೆಕ್ಕದಲ್ಲಿ ಇರಬೇಕು.

ಸಾಧನ ಇನ್ನು ಬೇಡ. ಮಾರಬಹುದಾ? ಕಂಪನಿ ಮುಚ್ಚುತ್ತಿದ್ದರೆ?

ತಯಾರಿಸಿದವರಿಗೆ ವಾಪಸ್ ಕೊಡಿ, ಅಥವಾ ಅನುಮತಿ ಇರುವವರಿಗೆ, ನಿಯಂತ್ರಣ ಸಂಸ್ಥೆಗೆ ತಿಳಿಸಿಯೇ ವರ್ಗಾಯಿಸಿ. ತಲುಪಿತು ಎಂಬ ಪತ್ರ ಕೈಗೆ ಬರುವವರೆಗೆ ಹೊಣೆ ನಿಮ್ಮದೇ. ಕಂಪನಿ ಮುಚ್ಚುವಾಗ, ಕಟ್ಟಡ ಮಾರುವಾಗ, ಆಡಳಿತ ಬದಲಾಗುವಾಗ ಈ ಸಾಧನಗಳು ಎಲ್ಲಕ್ಕಿಂತ ಮೊದಲು ಹೊರಗೆ ಹೋಗಬೇಕು. ಸಂಬಳ ಕೊಡಲು ದುಡ್ಡಿಲ್ಲದ ಹೊತ್ತಿನಲ್ಲಿ ಸೋರ್ಸ್ ವಿಲೇವಾರಿಗೆ ದುಡ್ಡು ಯಾರೂ ತೆಗೆದಿಡುವುದಿಲ್ಲ. ಆದ್ದರಿಂದ ಬಳಸುವುದು ನಿಲ್ಲಿಸಿದ ವರ್ಷವೇ ಕಳಿಸಿಬಿಡಿ. "ಮುಂದೆ ಬೇಕಾದೀತು" ಎಂದು ಇಟ್ಟವೇ ಮುಂದೆ ಕಾಣೆಯಾಗುವುದು.

ಕಳೆದ ಸಾಧನ ಸಿಕ್ಕಿತು. ಇನ್ನೇನು ಬಾಕಿ?

ಮೊದಲು, ಯಾರ್ಯಾರಿಗೆ ಕಳೆದಿದೆ ಎಂದು ಹೇಳಿದ್ದಿರೋ ಅವರಿಗೆಲ್ಲ ಸಿಕ್ಕಿದೆ ಎಂದು ಹೇಳಿ. ಪೊಲೀಸರು, ಗುಜರಿಯವರು ಇನ್ನೂ ಹುಡುಕುತ್ತಿರಬಹುದು. ಸೀರಿಯಲ್ ನಂಬರ್ ಹೊಂದಿಸಿ ನೋಡಿ. ಗೇಜ್ ಸಿಕ್ಕರೆ ಸೋರ್ಸ್ ಸಿಕ್ಕಿದಂತೆ ಎಂದುಕೊಳ್ಳಬೇಡಿ, ಮೀಟರ್ ಹಿಡಿಯಿರಿ. ಲೀಕ್ ಟೆಸ್ಟ್ ಮುಗಿಯುವವರೆಗೆ ಬಳಸಬೇಡಿ. ಅದು ಹೊರಗಿದ್ದ ದಿನಗಳಲ್ಲಿ ಅದರ ಹತ್ತಿರ ಕೂತವರು, ಮಲಗಿದವರು, ಎತ್ತಿ ಸಾಗಿಸಿದವರು ಯಾರು ಎಂದು ಒಬ್ಬೊಬ್ಬರನ್ನೇ ಹುಡುಕಿ, ಅವರ ಡೋಸ್ ಲೆಕ್ಕ ಹಾಕಿಸಿ, ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಈ ಕೊನೆಯ ಕೆಲಸವನ್ನು ಬರಹದ ವರದಿ ಕಳಿಸುವ ಮುಂಚೆಯೇ ಶುರು ಮಾಡಿ. ಆ ಜನರ ವಿವರ ವರದಿಯಲ್ಲಿ ಇರಬೇಕು.